ಶರೀಫಾಬಿಯ ಹಿಟ್ಟಿನ ಡಬ್ಬಿ

ರಾಮದುರ್ಗದಲ್ಲಿ ಸುಮ್ಮನೆ ನಡೆಯಲು ಯಾರಿಗೂ ಪರವಾನಗಿ ಇಲ್ಲ. ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಕಟ್ಟೆಯ ಮೇಲೆ ಕೂತವರು, ನಳದ ಹತ್ತಿರ ನಿಂತವರು, ಪಾನ್ ಅಂಗಡಿಯವನು, ಕೊನೆಗೆ ಗಲ್ಲದ ತುಂಬ ನೊರೆ ಹಚ್ಚಿಸಿಕೊಂಡು ಕ್ಷೌರಕ್ಕೆ ಕೂತವನೂ ಕೇಳುತ್ತಾನೆ: “ಎಲ್ಲಿಗಿ ಹೊಂಟ್ರಿ?” ಅದು ಪ್ರೀತಿಯ ಮಾತು, ಅದಕ್ಕೆ ಸಿಟ್ಟಾಗಬಾರದು ಎಂದು ನನ್ನ ತಾಯಿ ರಾಧಾಬಾಯಿ ಹೇಳುತ್ತಿದ್ದಳು. ಇರಬಹುದು. ಆದರೆ ಉತ್ತರ ಕೊಡದೆ ಮುಂದೆ ಹೋದರೆ ಆ ಪ್ರೀತಿ ಎಷ್ಟು ಹೊತ್ತು ಉಳಿಯುತ್ತದೆ ನೋಡಿ. ಗಂಡಸಾದವನು “ಇಲ್ಲೇ” ಎಂದು ಒಂದು ಮಾತು ಒಗೆದು ಪಾರಾಗುತ್ತಾನೆ. ಹೆಂಗಸಿನ “ಇಲ್ಲೇ” ಯಾರಿಗೂ ಸಾಲುವುದಿಲ್ಲ. ಅವಳ ಕೈಯಲ್ಲಿ ಕೊಡವೋ ಚೀಲವೋ ಮಗುವೋ ಇರಲೇಬೇಕು.

ನಮ್ಮ ಪಕ್ಕದ ಮನೆಯ ಶರೀಫಾಬಿಯ ಕೈಯಲ್ಲಿ ಹಿಟ್ಟಿನ ಡಬ್ಬಿ ಇರುತ್ತಿತ್ತು.

ನಾನು ಸಾಲೆಯ ಮಾಸ್ತರಿಣಿಯಾಗಿ ಆ ಊರಿಗೆ ಬಂದದ್ದು ತೊಂಬತ್ಮೂರರಲ್ಲಿ. ತಾಯಿಯೂ ನಾನೂ ಬಾಡಿಗೆಗೆ ಹಿಡಿದ ಮನೆಗೂ ಶರೀಫಾಬಿಯ ಮನೆಗೂ ನಡುವೆ ಒಂದೇ ಗೋಡೆ. ಅವಳ ತವರು ಕಟಕೋಳ. ಗಂಡ ಮೀರಾಸಾಬ ಸುರೇಬಾನದವನು, ಲಾರಿ ಓಡಿಸುತ್ತಿದ್ದ. ಸೀರೆಯ ಗಂಟುಗಳನ್ನು ಹೇರಿಕೊಂಡು ಸೊಲ್ಲಾಪುರ, ಮುಂಬೈ ಎಂದು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಒಬ್ಬಳೇ ಮಗಳು ನಿಲೋಫರ್, ನನ್ನ ಸಾಲೆಯಲ್ಲೇ ಓದುತ್ತಿದ್ದಳು. ಮನೆಯೊಳಗೆ ಅವರದು ಉರ್ದು, ಸಿಟ್ಟು ಬಂದಾಗ ಮಾತ್ರ ಗಂಡ ಹೆಂಡತಿ ಇಬ್ಬರೂ ಕನ್ನಡಕ್ಕೆ ಇಳಿಯುತ್ತಿದ್ದರು. ಗೋಡೆಯಾಚೆ ಕನ್ನಡ ಕೇಳಿಸಿದರೆ ನನ್ನ ತಾಯಿ ಒಲೆ ಸಣ್ಣದು ಮಾಡಿ ಕಿವಿ ಕೊಡುತ್ತಿದ್ದಳು.

ಮಧ್ಯಾಹ್ನದ ಕೆಲಸವೆಲ್ಲ ಮುಗಿದ ಮೇಲೆ ಶರೀಫಾಬಿ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಮುಚ್ಚಳವಿದ್ದ ತಗಡಿನ ಡಬ್ಬಿಯನ್ನು ಸೊಂಟಕ್ಕೆ ಇಟ್ಟುಕೊಂಡು ಹೊರಡುತ್ತಿದ್ದಳು. ಯಾರಾದರೂ ಕೇಳಿದರೆ “ಗಿರಣಿಗಿ” ಎನ್ನುವಳು. ಅಷ್ಟಕ್ಕೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ರೊಟ್ಟಿ ತಿನ್ನುವ ಊರಿನಲ್ಲಿ ಹಿಟ್ಟಿಗೆ ಹೊರಟವಳನ್ನು ಯಾರು ತಡೆಯುತ್ತಾರೆ? ನಾನೂ ಬಹಳ ದಿನ ಹಾಗೆಯೇ ತಿಳಿದಿದ್ದೆ. ಮೂರೇ ಜನರ ಮನೆಯಲ್ಲಿ ಇಷ್ಟು ಹಿಟ್ಟು ಯಾರು ತಿನ್ನುತ್ತಾರೆ ಎಂದು ಮಾತ್ರ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಒಂದು ದಿನ ಸಾಲೆ ಬೇಗ ಬಿಟ್ಟಿತ್ತು. ನೇಕಾರರ ಓಣಿಯಲ್ಲಿ ಬರುತ್ತಿದ್ದಾಗ ಕರೆಂಟು ಹೋಯಿತು. ಓಣಿಯ ತುಂಬ ಓಡುತ್ತಿದ್ದ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಆ ಗದ್ದಲ ನಿಂತಾಗ ಕಿವಿಯಲ್ಲಿ ಎಷ್ಟು ಹೊತ್ತು ಅದೇ ಉಳಿಯುತ್ತದೆ ಎಂಬುದು ಆ ಊರಿನಲ್ಲಿ ಇದ್ದವರಿಗೆ ಗೊತ್ತು. ಎದುರಿಗೆ ಶರೀಫಾಬಿ ಡಬ್ಬಿ ಹಿಡಿದು ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ನಿಂತಿದ್ದಳು. ತಲೆ ತಿರುಗಿತೇನೋ ಎಂದು ಹೆದರಿ ಓಡಿಹೋಗಿ ಅವಳ ತೋಳು ಹಿಡಿದೆ. ಡಬ್ಬಿ ಕೈಜಾರಿ ಫರಸಿಕಲ್ಲಿನ ಮೇಲೆ ಬಿದ್ದು ಮುಚ್ಚಳ ಹಾರಿತು. ಒಳಗೆ ಏನೂ ಇರಲಿಲ್ಲ. ಹಿಟ್ಟು ಬಿದ್ದ ಗುರುತೂ ಇರಲಿಲ್ಲ, ಅಷ್ಟು ಸ್ವಚ್ಛ.

“ಯಾರಿಗೂ ಹೇಳಬ್ಯಾಡ್ರಿ ವರದಕ್ಕ” ಎಂದಳು.

“ಹೇಳೂದು ಇರ್ಲಿ. ಖಾಲಿ ಡಬ್ಬಿ ಹೊತ್ತಗೊಂಡು ಎಲ್ಲಿ ಹೊಂಟೀರಿ?”

“ಎಲ್ಲಿಗೂ ಇಲ್ರಿ. ನಡಿಯಾಕ.”

ಆ ಸಂಜೆ ಅವಳು ನನ್ನನ್ನು ತನ್ನ ಮನೆಯ ಒಳಕೋಣೆಗೆ ಕರೆದೊಯ್ದು ಕೌದಿ ಹಾಸಿ ತೋರಿಸಿದಳು. ಕೌದಿ ನಮ್ಮ ಕಡೆ ಯಾರ ಮನೆಯಲ್ಲಿ ಇಲ್ಲ? ಹಳೆಯ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಅಂಚಿನಿಂದ ನಡುವಿನವರೆಗೆ ಸುತ್ತು ಸುತ್ತಾಗಿ ಟಾಕಿ, ಅಂದರೆ ದಾರದ ಹೊಲಿಗೆ, ಹಾಕಿಕೊಂಡು ಬರುತ್ತಾರೆ. ಶರೀಫಾಬಿಯ ಕೌದಿಯಲ್ಲಿ ದಾರ ಹಾಗೆ ಸುತ್ತುತ್ತಿರಲಿಲ್ಲ. ಒಂದು ಮೂಲೆಯ ಕೆಂಪು ತುಂಡಿನಿಂದ ಹೊರಟು, ಸ್ವಲ್ಪ ನೇರ ಹೋಗಿ, ತಿರುಗಿ, ಅಂಕುಡೊಂಕಾಗಿ ಅಲೆದು, ಮತ್ತೆ ಅದೇ ಕೆಂಪಿಗೆ ಬಂದು ಸೇರುತ್ತಿತ್ತು. ಅಲ್ಲಿಂದಲೇ ಇನ್ನೊಂದು ಎಳೆ ಬೇರೆ ದಿಕ್ಕಿಗೆ ಹೊರಡುತ್ತಿತ್ತು.

“ಕೆಂಪುದು ನಮ್ಮನಿ. ಇದು ನೇಕಾರರ ಓಣಿ. ಮಗ್ಗದ ಸಪ್ಪಳಕ್ಕ ಕಾಲು ಜಲ್ದಿ ಬೀಳತಾವ, ಅದಕ್ಕ ಟಾಕಿ ಸಣ್ಣ. ಇದು ಸಂತಿ ಬಯಲು. ಸಂತಿ ಇಲ್ಲದ ದಿನ ಅಲ್ಲಿ ದೂರ ದೂರ ಹೆಜ್ಜಿ ಹಾಕಬಹುದು. ಈ ನೀಲಿ ದಾರ ಐತೆಲ್ರಿ, ಅವತ್ತೂ ಹಿಂಗ ಕರೆಂಟ ಹೋಗಿತ್ತು. ಕರೆಂಟ ಹೋದಾಗ ಆ ಓಣಿ ಬ್ಯಾರೆನ ಓಣಿ.”

ಮದುವೆಯಾಗಿ ಬಂದ ಹೊಸತರಲ್ಲಿ ನಿಜವಾಗಿಯೂ ಗಿರಣಿಗೆ ಹೋಗಿ ಬರುವಾಗ ಒಮ್ಮೆ ದಾರಿ ತಪ್ಪಿತ್ತಂತೆ. ಯಾರನ್ನಾದರೂ ಕೇಳಿದರೆ ‘ಯಾರ ಮನೆಯ ಸೊಸೆ’ ಎಂಬಲ್ಲಿಂದ ಶುರುವಾಗುತ್ತದೆ ಎಂದು ಕೇಳದೆ ಅಲೆದಳು. ಹೆದರಿಕೆ ಇತ್ತು, ಆದರೆ ಅದರ ಜೊತೆಗೆ ಒಂದು ಖುಷಿಯೂ ಇತ್ತಂತೆ. ಮರುದಿನ ಅದೇ ಖುಷಿಗಾಗಿ ಖಾಲಿ ಡಬ್ಬಿ ತೆಗೆದುಕೊಂಡು ಹೊರಟಳು. ಆಮೇಲೆ ಅವಳಿಗೇ ಒಂದು ಕಟ್ಟಳೆ ಹುಟ್ಟಿತು. ನಿನ್ನೆ ತಿರುಗಿದ ಕಡೆ ಇಂದು ತಿರುಗಬಾರದು. ನೋಡಿದ್ದನ್ನು ನೆನಪಿಡಲು ಹೋಗಬಾರದು. ಬಂದು ಕೈಕಾಲು ತೊಳೆದು ಸೂಜಿ ಹಿಡಿದರೆ ತಾನಾಗಿ ಇಳಿಯಬೇಕು.

“ನಡದದ್ದು ಮೈಯಾಗ ಇರತೈತ್ರಿ. ಕುಂತ ಹೊಲದ್ರ ಕೆಳಗ ಬರತೈತಿ” ಎಂದಳು. ಅಷ್ಟು ಚಂದದ್ದನ್ನು ನಾನು ಆವರೆಗೆ ನೋಡಿರಲಿಲ್ಲ.

ಅಂದಿನಿಂದ ತಾಯಿಯ ಹಳೆಯ ಸೀರೆಗಳೆಲ್ಲ ಗೋಡೆ ದಾಟಿದವು. ಶರೀಫಾಬಿ ಯಾವ ಕೌದಿಯನ್ನೂ ಮಾರಲಿಲ್ಲ, ಹೊದೆಯಲು ಕೊಡಲೂ ಇಲ್ಲ. ಹೀಗೆ ವರ್ಷಗಳು ಕಳೆದವು. ಊರು ಬೆಳೆಯಿತು. ಬಸ್ ಸ್ಟ್ಯಾಂಡಿನ ಹಿಂದೆ ಹೊಸ ಪ್ಲಾಟುಗಳಾದವು, ಹಂಚಿನ ಮನೆಗಳು ಕೆಳಗಿಳಿದು ಆರ್‌ಸಿಸಿ ಮೇಲೆದ್ದಿತು, ಎಸ್‌ಟಿಡಿ ಬೂತುಗಳು ಬಂದು ಮುಚ್ಚಿದವು. ಬಿದ್ದ ಮನೆಯ ಜಾಗದಲ್ಲಿ ಅವಳು ಹೊಸ ತುಂಡು ಹಚ್ಚುತ್ತಿರಲಿಲ್ಲ, ಹಳೆಯ ಟಾಕಿಯನ್ನೂ ಬಿಚ್ಚುತ್ತಿರಲಿಲ್ಲ, ಹೊಸ ಕೌದಿ ಶುರುಮಾಡುತ್ತಿದ್ದಳು.

ಎರಡು ಸಾವಿರದ ನಾಲ್ಕರಲ್ಲಿ ನಿಲೋಫರ್‌ಗೆ ಬೈಲಹೊಂಗಲದಿಂದ ಒಂದು ಸಂಬಂಧ ಬಂತು. ಹುಡುಗ ತೌಹೀದ, ಟ್ರ್ಯಾಕ್ಟರ್ ರಿಪೇರಿಯ ಅಂಗಡಿ ಇಟ್ಟಿದ್ದ. ಬಳಗದ ಯಾವುದೋ ಮದುವೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದರು. ನಿಲೋಫರ್ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಬೈಲಹೊಂಗಲದ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕಾರಣವಿಲ್ಲದೆ ನನ್ನನ್ನು ಕೇಳುತ್ತಿದ್ದಳು. ಶರೀಫಾಬಿ ಅವಳನ್ನು ಕಾಡುತ್ತಿದ್ದಳು: “ಯಾಕ, ಟ್ರ್ಯಾಕ್ಟರ್ ಕೆಟ್ಟೈತೇನ?”

ನಮ್ಮ ಕಡೆ ಮಾತು ಪಕ್ಕಾ ಆಗುವ ಮೊದಲು ಗಂಡಿನವರು ಗುಟ್ಟಾಗಿ ಒಬ್ಬರನ್ನು ಕಳಿಸಿ ಮನೆತನದ ಪತ್ತೆ ತೆಗೆಸುತ್ತಾರೆ. ಜಾಣರಾದವರು ನೆರೆಮನೆಗೆ ಹೋಗುವುದಿಲ್ಲ, ನೆರೆಯವರು ಮುಲಾಜಿಗೆ ಸುಳ್ಳು ಹೇಳುತ್ತಾರೆ. ಹಿಟ್ಟಿನ ಗಿರಣಿಗೆ ಹೋಗುತ್ತಾರೆ. ಯಾರ ಮನೆಗೆ ಯಾವ ಕಾಳು ಬರುತ್ತದೆ, ಯಾರು ಹೊತ್ತು ತರುತ್ತಾರೆ, ನಾಲಿಗೆ ಹೇಗೆ, ಎಲ್ಲ ಅಲ್ಲಿ ಗೊತ್ತಿರುತ್ತದೆ. ತೌಹೀದನ ಸೋದರತ್ತೆ ಹಾಜರಾಬಿ ಜಾಣೆ. ನೇರವಾಗಿ ಶೆಟ್ಟೆಪ್ಪನ ಗಿರಣಿಗೆ ಹೋಗಿ ಕೂತಳು.

ಶೆಟ್ಟೆಪ್ಪ ಕೆಟ್ಟವನಲ್ಲ. ಆದರೆ ಅವನ ಹೊಟ್ಟೆಯಲ್ಲಿ ಶರೀಫಾಬಿಯ ಮೇಲೆ ಒಂದು ಹಳೆಯ ನೋವಿತ್ತು. “ಭಾಳ ಚಲೋ ಮಂದಿ ಬಿಡ್ರಿ” ಎಂದೇ ಆತ ಶುರುಮಾಡಿದ್ದ. “ಆದ್ರ ದಿನಾ ನಮ್ಮ ಮುಂದ ಡಬ್ಬಿ ಹಿಡಕೊಂಡು ಹೊಕ್ಕಾರ, ನನ್ನ ಗಿರಣಿಗಿ ಮಾತ್ರ ಅಪರೂಪಕ್ಕ ಬರತಾರ. ನನ್ನ ಹಿಟ್ಟೇನ ತರಿತರಿ ಆಗತೈತೇನ್ರಿ? ಹೊಳಿ ಕಡಿ ಗಿರಣಿಯಾಗ ಏನ ಬಂಗಾರ ಹಾಕಿ ಬೀಸತಾನ?” ಇಷ್ಟು ವರ್ಷ ಆತ ಅವಳು ಎದುರಾಳಿಯ ಗಿರಣಿಗೆ ಹೋಗುತ್ತಾಳೆಂದೇ ನಂಬಿಕೊಂಡು ಒಳಗೊಳಗೇ ಕುದಿದಿದ್ದ.

ಹಾಜರಾಬಿ ಹೊಳೆ ಕಡೆಯ ಗಿರಣಿಗೂ ಹೋದಳು. ಆ ಹೆಸರಿನವರು ಈ ಕಡೆ ಬಂದದ್ದೇ ಇಲ್ಲ ಎಂದು ಅಲ್ಲಿ ಹೇಳಿದರು. ದಿನಾ ಡಬ್ಬಿ ಹೊತ್ತು ಹೋಗುವ ಹೆಂಗಸು ಯಾವ ಗಿರಣಿಯನ್ನೂ ಮುಟ್ಟುತ್ತಿಲ್ಲ. ಅತ್ತೆ ಮುಂದಿನ ಬಸ್ಸು ಹಿಡಿದು ಬೈಲಹೊಂಗಲಕ್ಕೆ ಹೋದಳು. ಮೂರನೆಯ ದಿನ ಹೇಳಿಕೆ ಬಂತು: ಹುಡುಗಿಯ ತಾಯಿ ಡಬ್ಬಿ ತೆಗೆದುಕೊಂಡು ಎಲ್ಲಿಗೆ ಹೋಗುತ್ತಾಳೆ ಎಂದು ಹಿರಿಯರ ಮುಂದೆ ಹೇಳಬೇಕು, ಇಲ್ಲದಿದ್ದರೆ ಈ ಮಾತು ಇಲ್ಲಿಗೆ ಮುಗಿಯಿತು.

ಮೀರಾಸಾಬ ಅದೇ ಬೆಳಿಗ್ಗೆ ಮುಂಬೈಯಿಂದ ಬಂದಿದ್ದ. ಗೋಡೆಯಾಚೆ ಕನ್ನಡ ಶುರುವಾಯಿತು. ನಿಲೋಫರ್ ಅಳುತ್ತ ಬಂದು ನನ್ನನ್ನು ಕರೆದೊಯ್ದಳು. ಆತ ನಡುಮನೆಯಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಎಲ್ಲಿ ಹೊಕ್ಕಿದ್ದಿ, ಅಷ್ಟ ಹೇಳು.”

“ಎಲ್ಲಿಗೂ ಇಲ್ಲ.”

“ಎಲ್ಲಿಗೂ ಇಲ್ಲಂದ್ರ ಮನ್ಯಾಗ ಇರಬೇಕಿತ್ತಲ್ಲ!”

ಅವಳು ಒಳಗೆ ಹೋಗಿ ಕೌದಿಗಳನ್ನು ತಂದು ಅವನ ಮುಂದೆ ಹಾಸಿದಳು. ಮೀರಾಸಾಬ ಬಗ್ಗಿ ನೋಡಿದ. ದೇಶದ ರಸ್ತೆಗಳನ್ನೆಲ್ಲ ತುಳಿದ ಮನುಷ್ಯ, ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬೆರಳು ಎಳೆಯ ಮೇಲೆ ಸರಿಯತೊಡಗಿತು. “ಇದು ಸ್ಟ್ಯಾಂಡು... ಇದು ಹೊಳಿ ದಾಟೂ ಪೂಲು... ಇದು ಯಾವುದು?”

“ಹಳೇ ಅರಮನಿ ಹಿಂದಿನ ಗೋಡಿ.”

“ಅಲ್ಲಿ ಯಾಕ ಹೋಗಿದ್ದಿ?”

“ಮಧ್ಯಾಹ್ನ ಅಲ್ಲಿ ಗೋಡಿ ಮ್ಯಾಲ ಬೇವಿನ ನೆರಳು ಬೀಳತೈತಿ.”

ಆತ ಅವಳ ಮುಖವನ್ನೇ ನೋಡಿದ. ಅರ್ಥವಾಯಿತು ಎಂದು ನನಗೆ ಅನ್ನಿಸಿತು, ಆ ಕ್ಷಣ ನನಗೆ ಅವನ ಮೇಲೆ ಪ್ರೀತಿಯೂ ಹುಟ್ಟಿತು. ಆದರೆ ಅರ್ಥವಾದಷ್ಟೂ ಅವನ ಮುಖ ಬಿಳಿಚಿಕೊಂಡಿತು. “ಇಷ್ಟ ಕಡಿ ತಿರಗ್ಯಾಡಿದಿ. ಇಷ್ಟು ಮಂದಿ ಮನಿ ಮುಂದ. ನಾ ನಂಬತೇನಿ. ನಾ ನಂಬಿದ್ರ ಏನಾತು? ಬೈಲಹೊಂಗಲದವರು ನಂಬಬೇಕಲ್ಲ? ಇದನ್ನ ನೋಡಿದ್ರ ಮುಗೀತು.” ಕೌದಿಗಳನ್ನು ಒಳಮಗ್ಗುಲಾಗಿ ಮಡಚಿ ಟ್ರಂಕಿನ ತಳಕ್ಕೆ ಹಾಕಿ ಮೇಲೆ ತನ್ನ ಹಳೆಯ ಕಂಬಳಿ ಒತ್ತಿದ. ಮುಂಬೈವರೆಗೆ ಹೋಗಿ ಬರುವವನನ್ನು ಯಾಕೆ ಹೋಗಿದ್ದೆ ಎಂದು ಯಾರೂ ಕೇಳುವುದಿಲ್ಲ. ಇವಳು ಅರಮನೆಯ ಹಿಂದಿನ ಗೋಡೆಯವರೆಗೆ ಹೋಗಿದ್ದಕ್ಕೆ ಮಗಳ ಬಾಳು ನಿಂತುಹೋಗುವುದಿತ್ತು. ನನಗೆ ಅಂದು ಬಂದ ಸಿಟ್ಟು ಇನ್ನೂ ಹೋಗಿಲ್ಲ.

ಒಬ್ಬ ಗಂಡಸಿನ ಹೆಸರು ಹೇಳಿದ್ದರೆ ಊರು ತಕ್ಷಣ ನಂಬುತ್ತಿತ್ತು. ‘ನಡೆಯಲು ಹೋಗಿದ್ದೆ’ ಎಂಬುದನ್ನು ಯಾರೂ ನಂಬುವುದಿಲ್ಲ.

ಹಿರಿಯರು ಬಂದರು. ಹಾಜರಾಬಿ ಮುಂದೆ ಕೂತಳು. ಪಕ್ಕದ ಮನೆಯವಳೆಂದು ನನ್ನನ್ನೂ ಕರೆದಿದ್ದರು. ಚಹಾ ಆಯಿತು. ಆಮೇಲೆ ಹಾಜರಾಬಿ ಬಹಳ ಮೆತ್ತಗೆ ಕೇಳಿದಳು: “ತಪ್ಪ ತಿಳ್ಕೋಬ್ಯಾಡ್ರಿ. ನಮಗೂ ಹೆಣ್ಮಕ್ಕಳದಾರ. ದಿನಾ ಡಬ್ಬಿ ತಗೊಂಡು ಎಲ್ಲಿ ಹೊಕ್ಕಿದ್ರಿ?”

ಮೀರಾಸಾಬ ನೆಲ ನೋಡುತ್ತಿದ್ದ. ಬಾಗಿಲಿನ ಪರದೆಯ ಕೆಳಗೆ ನಿಲೋಫರ್‌ಳ ಪಾದಗಳು ಕಾಣುತ್ತಿದ್ದವು. ಶರೀಫಾಬಿ ಆ ಪಾದಗಳನ್ನು ನೋಡಿದಳು. ಆಮೇಲೆ ತಲೆ ಎತ್ತಿ ಹೇಳಿದಳು:

“ಹೊಳಿ ದಂಡಿ ದರ್ಗಾಕ್ಕ. ಮಗಳಿಗಿ ಚಲೋ ಮನಿ ಸಿಗಲಿ ಅಂತ ಹರಕಿ ಹೊತ್ತಿದ್ನಿ. ಡಬ್ಬ್ಯಾಗ ಸಕ್ಕರಿ ಒಯ್ತಿದ್ನಿ, ಫಾತೆಹಾ ಓದಸಾಕ. ಹರಕಿ ಹೇಳಬಾರದಂತಾರ, ಅದಕ್ಕ ಗಿರಣಿ ಅಂತಿದ್ನಿ.”

ಮನೆಯಲ್ಲಿ ಒಂದು ಉಸಿರು ಸಡಿಲಾಯಿತು. ಹಿರಿಯರೊಬ್ಬರು ಗಡ್ಡ ಸವರಿಕೊಂಡರು. ಹಾಜರಾಬಿಯ ಕಣ್ಣು ತುಂಬಿ ಬಂತು, ಎದ್ದು ಬಂದು ಶರೀಫಾಬಿಯ ಎರಡೂ ಕೈ ಹಿಡಿದುಕೊಂಡಳು. ಇಷ್ಟು ಬಿಸಿಲಿನಲ್ಲಿ ಮಗಳಿಗಾಗಿ ನಡೆದ ತಾಯಿಯ ಮೇಲೆ ಸಂಶಯ ಪಟ್ಟೆವಲ್ಲ ಎಂದು ಅತ್ತಳು. ದೇವರ ಹೆಸರು ಬಂದ ಕೂಡಲೇ ಅದೇ ಕಾಲು, ಅದೇ ಬಿಸಿಲು, ಅದೇ ಡಬ್ಬಿ ಪುಣ್ಯದ್ದಾಯಿತು. ಶರೀಫಾಬಿ ಗೆದ್ದಳೆಂದು ನಾನು ಒಳಗೊಳಗೇ ನಕ್ಕೆ. ಅವಳು ನಗಲಿಲ್ಲ. ತಾನು ಏನು ಹೇಳಿದೆನೆಂದು ಅವಳಿಗೆ ನನಗಿಂತ ಮೊದಲೇ ತಿಳಿದಿತ್ತು.

ಮದುವೆ ಚೆನ್ನಾಗಿಯೇ ನಡೆಯಿತು. ಅದಾದ ಮೇಲೆ ಹಾಜರಾಬಿ ಪ್ರೀತಿಯಿಂದಲೇ ದರ್ಗಾಕ್ಕೆ ಹೊದಿಸಲು ಹೊಸ ಚಾದರ ಹಿಡಿದು ಬಂದಳು. ಹರಕೆ ಫಲಿಸಿದೆ, ತೀರಿಸಬೇಕಲ್ಲ! ಓಣಿಯ ಹೆಂಗಸರೆಲ್ಲ ಸೇರಿದರು. ಶೆಟ್ಟೆಪ್ಪನೂ ತನ್ನ ಅನುಮಾನಕ್ಕೆ ನಾಚಿ ಒಂದು ಪುಡಿಕೆ ಸಕ್ಕರೆ ಕಳಿಸಿದ. ಅಷ್ಟು ವರ್ಷ ಖಾಲಿಯಾಗಿ ಊರು ಸುತ್ತಿದ ಡಬ್ಬಿಯನ್ನು ತುಂಬಿಸಿ, ನಡುವೆ ಶರೀಫಾಬಿಯನ್ನು ಇಟ್ಟುಕೊಂಡು ಹೊಳೆಯ ದಂಡೆಗೆ ನಡೆದರು. ಅವಳು ಕಾಲೆಳೆಯುತ್ತ ನಡೆದಳು. ಫಾತೆಹಾ ಆಯಿತು, ಸಕ್ಕರೆ ಹಂಚಿದರು. ಡಬ್ಬಿಯನ್ನು ದರ್ಗಾದಲ್ಲೇ ಬಿಡುವುದು ಒಳ್ಳೆಯದು ಎಂದು ಯಾರೋ ಹೇಳಿದರು, ಎಲ್ಲರೂ ಹೌದೆಂದರು. ಬರುವಾಗ ಹಾಜರಾಬಿ ಅವಳ ಬೆನ್ನು ಸವರಿ, “ಇನ್ನ ಕಾಲಿಗಿ ಆರಾಮ ಕೊಡ್ರಿ” ಎಂದಳು. ಅದರಲ್ಲಿ ಒಂದಿಷ್ಟೂ ವಿಷವಿರಲಿಲ್ಲ.

ಒಂದು ವಾರ ಬಿಟ್ಟು ಶರೀಫಾಬಿ ಬರಿಗೈಯಲ್ಲಿ ಹೊರಟಳು. ಓಣಿಯ ತಿರುವು ಮುಟ್ಟುವಷ್ಟರಲ್ಲಿ ಕಟ್ಟೆಯಿಂದ ಕಾಡವ್ವ ಕೂಗಿದಳು: “ಯಾಕ ಶರೀಫಾ, ಮತ್ತೇನ ಹರಕಿ? ಮಗಳು ಆರಾಮ ಅದಾಳಿಲ್ಲ?” ಮಗಳ ಮನೆಯಲ್ಲಿ ಏನೋ ಕೆಟ್ಟಿದೆ ಎಂದು ಸಂಜೆಯೊಳಗೆ ಮೂರು ಓಣಿಗೆ ಸುದ್ದಿ ಮುಟ್ಟಿತು. ಮಾತು ಬೈಲಹೊಂಗಲಕ್ಕೆ ಹೋದರೆ ಗತಿ ಏನು ಎಂದು ಮೀರಾಸಾಬ ಕೈಮುಗಿದು ಕೇಳಿಕೊಂಡ. ಹೊಸ ಡಬ್ಬಿ ಹಿಡಿದು ಹೊರಟರೂ ಶೆಟ್ಟೆಪ್ಪ ತಾನೇ ಎದ್ದು ಬಂದು ಕಾಳು ಇಸಿದುಕೊಳ್ಳುವವನೇ, ಅಷ್ಟು ಭಕ್ತಿ ಹುಟ್ಟಿತ್ತು ಅವನಿಗೆ. ಮಗಳನ್ನು ಕಾಯ್ದ ಸುಳ್ಳು ತಾಯಿಯ ಬಾಗಿಲಿಗೆ ಅಗಳಿ ಹಾಕಿತ್ತು. ಶರೀಫಾಬಿ ಮತ್ತೆ ಹೊರಡಲಿಲ್ಲ.

ಮುಂದೆ ಎರಡು ಮೂರು ವರ್ಷಕ್ಕೆ ಸವದತ್ತಿಯಲ್ಲಿ ಸಾಲೆಯ ಶಿಕ್ಷಕರಾದ ನಮಗೊಂದು ತರಬೇತಿ ನಡೆಯಿತು. ಹೊರಗಿನಿಂದ ಬಂದಿದ್ದ ಚಿತ್ರಕಲೆಯ ಮೇಷ್ಟ್ರೊಬ್ಬರು, ನಡೆಯುವುದೂ ಒಂದು ಕಲೆ, ಯಾವ ಕೆಲಸವೂ ಇಲ್ಲದೆ ಊರೊಳಗೆ ನಡೆದು ಕಾಲು ಕಂಡದ್ದನ್ನು ಗೆರೆಯಾಗಿ ಬರೆಯಿರಿ ಎಂದು ನಮ್ಮನ್ನೆಲ್ಲ ಬೀದಿಗೆ ಕಳಿಸಿದರು. ಕೊರಳಿಗೆ ಹೆಸರಿನ ಚೀಟಿ ಕಟ್ಟಿದ್ದರು. ಸವದತ್ತಿಯ ಓಣಿಗಳಲ್ಲಿ ಬೇಕಾದಲ್ಲಿ ತಿರುಗಿದೆ, ಯಾರೂ ತಡೆಯಲಿಲ್ಲ. ನಾನು ಬರೆದ ಗೆರೆ ನೋಡಿ ಅವರು ತಲೆದೂಗಿದರು. ನನಗೆ ಅಳು ಬಂತು. ಊರಿಗೆ ಬಂದವಳೇ ಶರೀಫಾಬಿಗೆ ಎಲ್ಲ ಹೇಳಿದೆ.

“ಎಲ್ಲಿಗಿ ಅಂತ ಯಾರೂ ಕೇಳಲಿಲ್ಲೇನ್ರಿ?”

“ಕೊರಳಾಗ ಚೀಟಿ ಇತ್ತಲ್ಲ.”

“ಹಂಗಾರ ನಿಮಗೂ ಡಬ್ಬಿ ಇತ್ತು” ಎಂದು ನಕ್ಕಳು. ಮದುವೆಯ ನಂತರ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದೇ ಹುಮ್ಮಸ್ಸಿನಲ್ಲಿ ನಾನೆಂದೆ: ನೀವು ಹೊರಗೆ ಬರಬೇಡಿ, ನಾನು ನಡೆದು ಬಂದು ಹೇಳುತ್ತೇನೆ, ನೀವು ಹೊಲಿಯಿರಿ. ಅವಳು ಒಪ್ಪಿದಳು. ಮರುದಿನ ಸಾಲೆ ಬಿಟ್ಟ ಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ನೇಕಾರರ ಓಣಿ, ಅರಮನೆಯ ಗೋಡೆ, ಸಂತೆಯ ಬಯಲು ಎಲ್ಲ ಸುತ್ತಿ ಬಂದು ಅವಳ ಮುಂದೆ ಕೂತು ಹೇಳತೊಡಗಿದೆ. ಅವಳು ದಾರ ಪೋಣಿಸಿ ಕೆಂಪು ತುಂಡಿನಿಂದ ಒಂದಿಷ್ಟು ಟಾಕಿ ಹಾಕಿದಳು. ನಿಲ್ಲಿಸಿದಳು.

“ವರದಕ್ಕ, ಕಂಬಾರ ಓಣಿ ತಿರುವಿನ್ಯಾಗ ಫರಸಿ ಕುಸಿದೈತಲ್ರಿ, ಅಲ್ಲಿ ಯಾವ ಕಾಲು ಮೊದಲ ಇಟ್ರಿ?”

“ನೋಡಲಿಲ್ಲ.”

“ನನಗೂ ತಿಳೀವಲ್ದು” ಎಂದಳು. ಹಾಕಿದ ಟಾಕಿಗಳನ್ನು ಒಂದೊಂದಾಗಿ ಬಿಚ್ಚಿ ದಾರವನ್ನು ಬೆರಳಿಗೆ ಸುತ್ತಿಟ್ಟುಕೊಂಡಳು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ನಿಲೋಫರ್ ಸುಖವಾಗಿದ್ದಳು, ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಎರಡು ಮಕ್ಕಳಾದವು, ತೌಹೀದ ಒಳ್ಳೆಯ ಅಳಿಯ. ಬಂದಾಗಲೆಲ್ಲ ಅಮ್ಮಾ ಎಷ್ಟು ದಪ್ಪ ಆಗಿದ್ದೀ ಎಂದು ಮಗಳು ನಗುತ್ತಿದ್ದಳು. ಶರೀಫಾಬಿಯ ಮಂಡಿ ಹಿಡಿದಿತ್ತು.

ನನಗೆ ಬೇರೆ ಊರಿಗೆ ವರ್ಗವಾದ ವರ್ಷ, ಹೇಳಿ ಹೋಗಲು ಅವಳ ಮನೆಗೆ ಹೋದೆ. ಹಿತ್ತಲಿನ ಗೋಡೆಯ ಮೇಲೆ ಹೊಸ ಕೌದಿ ಒಣಹಾಕಿದ್ದಳು. ಮತ್ತೆ ಹೊಲಿಯಲು ಶುರುಮಾಡಿದ್ದಾಳೆಂದು ನನಗೆ ಜೀವ ಬಂದಂತಾಯಿತು, ಯಾವಾಗ ನಡೆದಳೋ, ಯಾರ ಕಣ್ಣು ತಪ್ಪಿಸಿದಳೋ ಎಂದುಕೊಂಡು ಹತ್ತಿರ ಹೋದೆ. ಅದೇ ಕೆಂಪು ತುಂಡು. ಅಲ್ಲಿಂದ ದಾರ ಹೊರಟು ಸ್ವಲ್ಪವೇ ಹೋಗಿ ತಿರುಗಿತ್ತು, ಮತ್ತೆ ಸ್ವಲ್ಪ ಹೋಗಿ ತಿರುಗಿತ್ತು, ಮತ್ತೆ ತಿರುಗಿತ್ತು. ಸುತ್ತಿನ ಮೇಲೆ ಸುತ್ತು, ಟಾಕಿಯ ಮೇಲೆ ಟಾಕಿ, ಸೂಜಿ ಚುಚ್ಚಿ ಚುಚ್ಚಿ ಕೆಲವು ಕಡೆ ಅರಿವೆಯೇ ಹರಿದಿತ್ತು. ಉಳಿದ ಕೌದಿಯೆಲ್ಲ ಖಾಲಿ. ನಾನು ಬೆರಳಿಟ್ಟು ಹುಡುಕಿದೆ, ಊರಿನ ಯಾವ ಜಾಗವೂ ಸಿಗಲಿಲ್ಲ.

“ಇದು ಯಾವ ಓಣಿ ಶರೀಫಾಬಿ?”

ಅವಳು ಮಂಡಿ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತಿದ್ದಳು.

“ಓಣಿ ಅಲ್ರಿ ವರದಕ್ಕ. ನಮ್ಮ ಅಂಗಳ.”